ದೊಡ್ಡ ದೀಪ

ನನಗೆ ಗಾಳಿ ಎಂದರೆ ಹೆದರಿಕೆ. ಇದು ಹುಟ್ಟಿನಿಂದ ಬಂದದ್ದಲ್ಲ. ಕಣದಲ್ಲಿ ಮೊರ ಎತ್ತಿ ಹಿಡಿದು ನಿಂತು, ಗಾಳಿ ಬೀಸಲಿಲ್ಲವೆಂದು ಅದಕ್ಕೆ ಬಾಯಿಗೆ ಬಂದಂತೆ ಬಯ್ದವಳು ನಾನು. ಹೆದರಿಕೆ ಶುರುವಾದದ್ದು ನಮ್ಮ ಮನೆಯವರು ಹಿತ್ತಲಿನ ಬಂಡೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅದರ ತುದಿಗೆ ಮೂರು ರೆಕ್ಕೆಯ ಪಂಕಾ ಕೂರಿಸಿದ ಮೇಲೆ. ಈಗ ಬೇವಿನ ಎಲೆ ಅಲುಗಿದರೂ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ, ಕಿವಿ ಹಿತ್ತಲಿಗೆ ಹೋಗುತ್ತದೆ.

ನಮ್ಮ ಮನೆ ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆ ಬಿಟ್ಟು ಒಳಗೆ, ಹಳೆಯ ಕಲ್ಲಿನ ಕ್ವಾರಿಯ ಮೇಲಿನ ದಿನ್ನೆಯಲ್ಲಿದೆ. ಕರೆಂಟಿನ ಕಂಬಗಳು ಕ್ವಾರಿಯ ಅಂಚಿನ ತನಕ ಬಂದು ನಿಂತಿವೆ. ಮುಂದಿನ ಜಾಗ ಯಾರದೆಂಬ ತಕರಾರು ಹರಿಯದೆ ಅವು ಮುಂದೆ ಬರುವಂತಿಲ್ಲ. ನಮ್ಮ ಮನೆಯವರು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಮೋಟಾರು ರಿಪೇರಿ ಮಾಡುತ್ತ ತಲೆ ನೆರೆಸಿಕೊಂಡವರು. ಕಾಯುವುದು ಅವರ ಜಾಯಮಾನಕ್ಕೆ ಒಗ್ಗದು. ಬಾದಾಮಿ ಕಡೆ ಯಾರೋ ಬಿಚ್ಚಿ ಮೂಲೆಗೆ ಹಾಕಿದ್ದ ಪಂಕಾವನ್ನು ಟಂಟಂನಲ್ಲಿ ಹೇರಿಕೊಂಡು ಬಂದರು. ರೆಕ್ಕೆಗಳು ಸೀಳಿದ್ದವು, ಸಾಗವಾನಿ ಹಲಗೆ ತಂದು ತಾವೇ ಕೆತ್ತಿದರು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ನನಗೆ ಗಾದೆ ಹೇಳಿದರು. ತೂರಿಹೋಗುವವರು ನಾವೇ ಆಗದಿದ್ದರೆ ಸಾಕು ಎಂದೆ ನಾನು. ನಕ್ಕರು. ಅವರು ನಕ್ಕಾಗಲೆಲ್ಲ ನನಗೆ ಹೆದರಿಕೆ ಇನ್ನೂ ಹೆಚ್ಚು.

ಆ ಪಂಕಾದ ಸ್ವಭಾವವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ತಿರುಗಿದರೆ ಕರೆಂಟು ಹುಟ್ಟುತ್ತದೆ, ಆ ಕರೆಂಟು ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ತುಂಬಿದ ಮೇಲೆ ಕರೆಂಟಿಗೆ ಹೋಗಲು ಜಾಗವಿಲ್ಲ, ಆದರೆ ಗಾಳಿ ನಿಲ್ಲುವುದಿಲ್ಲವಲ್ಲ. ಆಗ ಅದನ್ನು ಬೇರೆ ಎಲ್ಲಿಗಾದರೂ ಸುರಿಯಬೇಕು. ಸುರಿಯದಿದ್ದರೆ ಪಂಕಾದ ಮೇಲಿನ ಹೊರೆ ಇಳಿಯುತ್ತದೆ, ಹೊರೆ ಇಳಿದರೆ ಅದು ಹುಚ್ಚೆದ್ದು ಓಡುತ್ತದೆ. ನಮ್ಮ ಮನೆಯವರು ನನಗೆ ತಿಳಿಯಲೆಂದು ಎತ್ತಿನ ಮಾತು ಹೇಳಿದ್ದರು.

“ನೊಗ ಹೊತ್ತ ಎತ್ತು ನಡೀತದ. ನೊಗ ಹರಕೊಂಡ ಎತ್ತು ಓಡ್ತದ. ಇದರ ಹೆಗಲ ಮ್ಯಾಲ ನೊಗ ಇರಬೇಕು, ಗಾಳಿ ಇರೂ ತನಕ.”

ಅದಕ್ಕೆ ಅವರು ಕಟ್ಟಿದ ನೊಗವೆಂದರೆ ಬಚ್ಚಲುಮನೆಯ ನೀರಿನ ಡ್ರಮ್ಮು. ಅದರೊಳಗೆ ಎರಡು ಹೀಟರ್ ಕಾಯಿಲ್ ಇಳಿಬಿಟ್ಟಿದ್ದರು, ಒಂದು ಸಣ್ಣದು, ಒಂದು ದೊಡ್ಡದು. ಬ್ಯಾಟರಿ ಕೋಣೆಯ ಗೋಡೆಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಎರಡು ಕೆಂಪು ದೀಪ, ಸಣ್ಣದೊಂದು, ದೊಡ್ಡದೊಂದು. ಬ್ಯಾಟರಿ ತುಂಬಿದ ಕೂಡಲೇ ಕರೆಂಟು ತಾನಾಗಿ ಸಣ್ಣ ಕಾಯಿಲ್‌ಗೆ ಹರಿದು ಸಣ್ಣ ದೀಪ ಹತ್ತುತ್ತಿತ್ತು. ಗಾಳಿ ಜೋರಾದರೆ ಸಣ್ಣದೊಂದೇ ಸಾಲುತ್ತಿರಲಿಲ್ಲ. ಆಗ ನಾವು ಹೋಗಿ ಕೈಯಿಂದ ಎರಡನೆಯ ಸ್ವಿಚ್ಚು ಹಾಕಬೇಕು, ದೊಡ್ಡ ದೀಪ ಹತ್ತಬೇಕು. ಸಣ್ಣದಕ್ಕೂ ಒಂದು ಸ್ವಿಚ್ಚಿತ್ತು. ಅದನ್ನು ಮುಟ್ಟುತ್ತಿದ್ದದ್ದು ಗಾಳಿಯಿಲ್ಲದ ದಿನ, ಡ್ರಮ್ಮು ತೊಳೆಯುವಾಗ ಮಾತ್ರ. ಡ್ರಮ್ಮಿನ ನೀರು ಕಾಯಿಲ್‌ಗಿಂತ ಕೆಳಗೆ ಇಳಿಯಬಾರದು, ಇಳಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಅದಕ್ಕೇ ಒಂದು ಕೊಡ ಬಳಸಿದರೆ ಒಂದು ಕೊಡ ಹಾಕುವುದು ನಮ್ಮ ಮನೆಯ ಕಾನೂನು. ಆ ಕಾನೂನು ಯಾರ ತಲೆಯ ಮೇಲೆ ಬಿತ್ತೆಂದು ಬೇರೆ ಹೇಳಬೇಕಿಲ್ಲ.

ಹಾಕಿದ ಮೊದಲ ವರ್ಷವೇ ಅದು ತನ್ನ ಗುಣ ತೋರಿಸಿತ್ತು. ಒಂದು ಮಧ್ಯಾಹ್ನ ಕಾಯಿಲ್‌ನ ವೈರು ಸಡಿಲಾಗಿ ಕಳಚಿತು. ಪಂಕಾದ ದನಿ ಕ್ಷಣದಲ್ಲಿ ಬದಲಾಯಿತು. ನಮ್ಮ ಮನೆಯವರು ಊಟದ ತಾಟು ಬಿಟ್ಟು ಓಡಿ, ಕಂಬದ ಬುಡದ ಹಗ್ಗ ಜಗ್ಗಿದರು. ಆ ಹಗ್ಗ ಜಗ್ಗಿದರೆ ಪಂಕಾದ ಬಾಲ ಮಡಚಿ, ಅದು ಗಾಳಿಯಿಂದ ಮುಖ ತಿರುಗಿಸಿ ನಿಲ್ಲುತ್ತದೆ. ಒಳಗೆ ಬಂದವರು ನೀರು ಕುಡಿಯಲು ಹೋದರೆ ಲೋಟ ಹಲ್ಲಿಗೆ ಬಡಿಯುತ್ತಿತ್ತು. ಮದುವೆಯಾದಂದಿನಿಂದ ಆ ಮನುಷ್ಯ ಹೆದರಿದ್ದನ್ನು ನಾನು ನೋಡಿರಲಿಲ್ಲ. ಅವತ್ತು ಸಂಜೆ ನನ್ನನ್ನು ಕಂಬದ ಬುಡಕ್ಕೆ ಕರೆದೊಯ್ದು ಹಗ್ಗ ಜಗ್ಗುವುದನ್ನು ಕಲಿಸಿದರು. ಅದು ಒಮ್ಮೆ ಓಡತೊಡಗಿದರೆ ಸ್ವಿಚ್ಚಿಗೆ ಕೈ ಹಾಕಬೇಡ, ವೈರೆಲ್ಲ ಸುಡುತ್ತವೆ, ಹಗ್ಗ ಒಂದೇ ದಾರಿ ಎಂದು ನನ್ನ ಬಾಯಿಂದ ಹೇಳಿಸಿದರು.

ಇನ್ನು ನಮ್ಮ ಅತ್ತೆಯ ವಿಷಯ. ಅವರಿಗೆ ಪಂಕಾದ ಭಯ ಇರಲಿಲ್ಲ. ಗಾಳಿ ಕಾಯಿಸಿಕೊಟ್ಟ ನೀರಲ್ಲಿ ಮೈತೊಳೆಯುವ ಭಾಗ್ಯ ಯಾರಿಗುಂಟು ಎಂದು ಆ ಪೆಟ್ಟಿಗೆಗೆ ಬೀರಪ್ಪನ ಗುಡಿಯ ಅರಿಶಿನ, ಭಂಡಾರ ಹಚ್ಚಿ ಕೈಮುಗಿಯುತ್ತಿದ್ದರು. ಅವರಿಗೆ ಭಯವಿದ್ದದ್ದು ಮಾತಿಗೆ. ಅಶುಭದ ಮಾತು ಮನೆಯೊಳಗೆ ಹೊರಡಬಾರದು. ಅಕ್ಕಿ ಮುಗಿಯಿತು ಎನ್ನುವ ಹಾಗಿಲ್ಲ, ಅಕ್ಕಿ ಹೆಚ್ಚಾಗಿದೆ ಎನ್ನಬೇಕು. ಬಳೆ ಒಡೆದವು ಎನ್ನಬಾರದು, ಬಳೆ ಹೆಚ್ಚಿದವು. ಹೋಗುತ್ತೇನೆ ಎನ್ನಬಾರದು, ಬರುತ್ತೇನೆ. ದೀಪ ಆರಿಸು ಎನ್ನುವುದಂತೂ ಬಾಯಿಂದ ಬರಲೇಕೂಡದು, ದೀಪ ದೊಡ್ಡದು ಮಾಡು ಎನ್ನಬೇಕು. ಎಲ್ಲ ಮನೆಗಳಲ್ಲೂ ಹಿರಿಯರು ಹೀಗೆ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅದು ಒಂದು ಹೆಜ್ಜೆ ಮುಂದೆ. ಇಲ್ಲಿ ಯಾವುದೂ ಮುಗಿಯುವುದಿಲ್ಲ, ಎಲ್ಲ ಹೆಚ್ಚಾಗುತ್ತಲೇ ಇರುತ್ತದೆ, ಆದರೂ ನಾನು ಮಾತ್ರ ತಿಂಗಳಿಗೊಮ್ಮೆ ಇಳಕಲ್ಲಿನ ಸಂತೆಗೆ ಚೀಲ ಹಿಡಿದು ಹೋಗುತ್ತೇನೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಮೊದಮೊದಲು ಅತ್ತೆಯೂ ನಗುತ್ತಿದ್ದರು.

ಆಮೇಲೆ ನಗುವುದನ್ನು ಬಿಟ್ಟರು. ನಮ್ಮ ಮಗಳನ್ನು ಕುಳಗೇರಿ ಕ್ರಾಸಿಗೆ ಕೊಟ್ಟಿದ್ದೇವೆ. ಅವಳ ಮೊದಲ ಬಸಿರು ಏಳು ತುಂಬುವಷ್ಟರಲ್ಲಿ ಹೋಯಿತು. ಅದು ಹೋಗುವ ಹಿಂದಿನ ದಿನ ನಮ್ಮ ಪಡಸಾಲೆಯಲ್ಲಿ ಗಾಳಿಗೆ ದೀಪ ಹೋಗಿತ್ತು. ನೋಡಲು ಬಂದಿದ್ದ ಹೆಂಗಸೊಬ್ಬಳು, ಅಯ್ಯ, ದೀಪ ಆರಿತಲ್ಲ ಎಂದುಬಿಟ್ಟಳು. ಅತ್ತೆ ಆ ಮಾತನ್ನು ಮರೆಯಲಿಲ್ಲ. ಕೂಸನ್ನು ಕೊಂದದ್ದು ಆ ಮಾತೇ ಎಂದು ಅವರ ನಂಬಿಕೆ. ಡಾಕ್ಟರು ಹೇಳಿದ ಕಾರಣ ಬೇರೆ, ಅದು ನನಗೂ ಗೊತ್ತಿತ್ತು. ಆದರೆ ಮಗಳು ಎರಡನೆಯ ಸಲ ಬಸಿರಾದಾಗ ನಾನೂ ಆ ಶಬ್ದವನ್ನು ಬಾಯಲ್ಲಿ ತರಲಿಲ್ಲ, ಚೇಷ್ಟೆಗೂ ತರಲಿಲ್ಲ.

ಈ ಸಲ ಬಾಗಲಕೋಟೆಯ ದವಾಖಾನೆಯಲ್ಲಿ ಹೆರಿಗೆ ಸುಸೂತ್ರವಾಯಿತು. ಗಂಡುಕೂಸು. ಬಾಣಂತಿಯನ್ನು ಮನೆಗೆ ಕರೆತಂದಾಗ ಆಷಾಢ ಕಾಲಿಟ್ಟಿತ್ತು. ಹಗಲು ರಾತ್ರಿ ಗಾಳಿ. ಬಾಣಂತಿಗೆ ಗಾಳಿ ಸೋಂಕಬಾರದು ಎನ್ನುತ್ತಾರೆ, ನಮ್ಮ ಮನೆಯಲ್ಲೋ ಗಾಳಿಯನ್ನು ಕರೆದು ಕಂಬದ ಮೇಲೆ ಕೂರಿಸಿಕೊಂಡಿದ್ದೇವೆ. ಅತ್ತೆ ಒಳಕೋಣೆಯ ಕಿಟಕಿಗೆ ಕರಿ ಕಂಬಳಿ ಕಟ್ಟಿದರು, ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿದರು. ಮಗಳ ಕಿವಿಗೆ ಅರಳೆ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರು. ಆ ಒಳಕೋಣೆಯ ಹಿಂದಿನ ಗೋಡೆಯ ಆಚೆಗೇ ಬ್ಯಾಟರಿ ಕೋಣೆ, ಅದರ ಆಚೆ ಬಂಡೆ, ಬಂಡೆಯ ಮೇಲೆ ಕಂಬ. ಮಗಳನ್ನು ಮುಂದಿನ ಪಡಸಾಲೆಯಲ್ಲಿ ಮಲಗಿಸೋಣ ಎಂದು ನಾನು ಎರಡು ಸಲ ಹೇಳಿದೆ. ಅಲ್ಲಿ ಗಾಳಿ ಆಡುತ್ತದೆ ಎಂದು ಅತ್ತೆ ಒಪ್ಪಲಿಲ್ಲ. ನನ್ನ ಗಾಳಿಯ ಭಯವೇ ಬೇರೆ, ಅವರ ಗಾಳಿಯ ಭಯವೇ ಬೇರೆ. ಹಿರಿಯರದು ನಡೆಯಿತು.

ಅವತ್ತು ಬೆಳಿಗ್ಗೆ ನಮ್ಮ ಮನೆಯವರು ಬ್ಯಾಟರಿಗೆ ಹಾಕುವ ನೀರು ತರಲು ಬೈಕ್ ಹತ್ತಿ ಹುನಗುಂದಕ್ಕೆ ಹೋದರು. ಹೋಗುವಾಗ ಗಾಳಿ ಸಾಧಾರಣವಾಗಿತ್ತು, ಸಣ್ಣ ದೀಪ ಹತ್ತಿತ್ತು, ಪಂಕಾ ಭಾರ ಹೊತ್ತ ದನಿಯಲ್ಲಿ ಗುಂಯ್‌ಗುಡುತ್ತಿತ್ತು. ಆ ದನಿ ಇದ್ದರೆ ನನಗೆ ನೆಮ್ಮದಿ. ಬಚ್ಚಲಿನ ಕಲ್ಲಿನ ಮೇಲೆ ಕಾಲು ನೀಡಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಅತ್ತೆ ನಲ್ಲಿಯಿಂದ ಬಿಸಿನೀರು ಹಿಡಿದು, ಮೊಣಕೈ ಅದ್ದಿ ಹದ ನೋಡಿ ಕೊಡುತ್ತಿದ್ದರು. ಮೇಲಿನ ತಗಡು ಗಾಳಿಗೆ ಪಟಪಟ ಎನ್ನತೊಡಗಿತು. ಗಾಳಿ ಏರುತ್ತಿದೆ ಎಂದುಕೊಂಡೆ. ಕೂಸಿನ ಸ್ನಾನ ಮುಗಿಸಿ ದೊಡ್ಡ ದೀಪ ಹಾಕಿ ಬರಬೇಕು ಎಂದುಕೊಳ್ಳುತ್ತಿರುವಾಗಲೇ ಪಡಸಾಲೆಯಲ್ಲಿ ಫೋನು ಬಡಿದುಕೊಂಡಿತು.

ನನ್ನ ಕೈಯೆಲ್ಲ ಎಣ್ಣೆ. ಅತ್ತೆ ಎದ್ದು ಹೋದರು. ಅವರ ಕಿವಿ ಸ್ವಲ್ಪ ಮಂದ, ಆದರೆ ಫೋನಿನಲ್ಲಿ ಮಾತಾಡುವುದೆಂದರೆ ಪ್ರಾಣ. ಹಾಂ, ಹಾಂ, ಆತಪ್ಪ, ಮಾಡ್ತೀನಿ ಎಂದು ಕೂಗಿದ್ದು ಕೇಳಿಸಿತು. ಏನಂತೆ ಎಂದು ನಾನು ಕುಳಿತಲ್ಲಿಂದಲೇ ಕೇಳಿದೆ. ಹುನಗುಂದದಲ್ಲಿ ಭಾರೀ ಗಾಳಿಯಂತೆ, ದೀಪ ನೋಡಿಕೊಳ್ಳಲು ಹೇಳಿದ, ನಾನೇ ನೋಡುತ್ತೇನೆ, ನೀ ಕೂಸಿನ ನೀರು ಆರುವುದರೊಳಗೆ ಮೈ ತೊಳಿ ಎಂದರು. ಪಾಪ, ಮುದುಕಿಗೆ ಒಂದು ಕೆಲಸವಾಯಿತು ಎಂದು ನಾನೂ ಸುಮ್ಮನಾದೆ. ಆ ಸ್ವಿಚ್ಚುಗಳನ್ನು ಅವರು ಮೊದಲೂ ಹಾಕಿದ್ದುಂಟು.

ಕೂಸನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಒಳಕೋಣೆಗೆ ಒಯ್ದೆ. ಲೋಬಾನದ ಹೊಗೆ ಹಿಡಿದು ಮಗಳ ಮಗ್ಗುಲಿಗೆ ಮಲಗಿಸಿದೆ. ಅಷ್ಟರಲ್ಲಿ ಪಂಕಾದ ಗುಂಯ್‌ಗುಡುವ ದನಿ ನಿಂತಿತು.

ನಿಂತಿತು ಎಂದರೆ ಪಂಕಾ ನಿಂತಿತೆಂದಲ್ಲ. ಭಾರದ ದನಿ ಹೋಯಿತು. ಅದರ ಜಾಗದಲ್ಲಿ ತೆಳ್ಳಗಿನ ಒಂದು ಸೀಟಿ ಬಂತು, ಅದು ಏರುತ್ತ ಹೋಯಿತು. ಇನ್ನು ಏರಲಾರದು ಅನ್ನಿಸಿದ ಮೇಲೂ ಏರಿತು. ಗೋಡೆಗೆ ಕೈ ಇಟ್ಟೆ, ಗೋಡೆ ನಡುಗುತ್ತಿತ್ತು. ಗೂಡಿನಲ್ಲಿದ್ದ ಕುಂಕುಮದ ಬಟ್ಟಲು ತಾನಾಗಿ ಸರಿಯುತ್ತ ಅಂಚಿಗೆ ಬಂದು ಕೆಳಗೆ ಬಿತ್ತು. ಮಗಳು ಬಟ್ಟಲನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳ ಕಿವಿಯಲ್ಲಿ ಅರಳೆ, ಅವಳಿಗೆ ಏನೂ ಕೇಳುತ್ತಿರಲಿಲ್ಲ. ಅತ್ತೆ ಆಗ ತಾನೇ ಬಂದು ಬಾಗಿಲಲ್ಲಿ ಬೆಳ್ಳುಳ್ಳಿ ಬಿಡಿಸಲು ಕುಳಿತಿದ್ದರು, ಅವರಿಗೂ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಆ ದನಿ ಕೇಳಿದವಳು ನಾನೊಬ್ಬಳೇ.

ಓಡಿಹೋಗಿ ಬ್ಯಾಟರಿ ಕೋಣೆಯ ಬಾಗಿಲು ತೆಗೆದೆ. ಪೆಟ್ಟಿಗೆಯ ಮೇಲೆ ಎರಡೂ ದೀಪಗಳಿಲ್ಲ, ಕತ್ತಲೆ. ನನ್ನ ತಲೆಗೆ ಹೊಳೆದದ್ದು ಒಂದೇ: ಕಾಯಿಲ್ ಸುಟ್ಟಿದೆ. ಡ್ರಮ್ಮಿನ ನೀರು ಇಳಿದಿದೆ. ಬೆಳಿಗ್ಗೆಯಿಂದ ಬಾಣಂತಿಗೊಂದು, ಕೂಸಿಗೊಂದು ಎಂದು ಸುರಿದೆನಲ್ಲ, ತಿರುಗಿ ಎಷ್ಟು ಕೊಡ ಹಾಕಿದೆ? ನೆನಪಾಗಲಿಲ್ಲ. ನನ್ನ ಕೈಯಾರೆ ನನ್ನ ಮಗಳನ್ನೂ ಮೊಮ್ಮಗನನ್ನೂ ತಂದು ಇದರ ಬಾಯಿಗೆ ಕೊಟ್ಟೆ ಎನ್ನಿಸಿತು. ಸ್ವಿಚ್ಚುಗಳು ಮೇಲಿದ್ದವೋ ಕೆಳಗಿದ್ದವೋ ನಾನು ನೋಡಲಿಲ್ಲ. ಮುಟ್ಟಬೇಡ ಎಂದಿದ್ದರಲ್ಲ, ಆ ಕಡೆ ಕಣ್ಣೇ ಹೋಗಲಿಲ್ಲ.

ಹಗ್ಗಕ್ಕೆ ಹೋಗುವ ಮೊದಲು ಒಳಕೋಣೆಗೆ ಬಂದೆ. ರೆಕ್ಕೆ ಹಾರಿದರೆ ಮೊದಲು ಬೀಳುವುದು ಆ ಕೋಣೆಯ ಮೇಲೆ. ಮಗಳ ರಟ್ಟೆ ಹಿಡಿದು ಎಬ್ಬಿಸಿದೆ. ಕೂಸನ್ನು ಎತ್ತಿಕೊ, ಮುಂದಿನ ಅಂಗಳ ದಾಟಿ ಕೆಳಗೆ ಕಲ್ಲಿನ ರಾಶಿಯ ಹಿಂದೆ ಹೋಗಿ ಕೂರು ಎಂದೆ. ಅರಳೆಯ ಕಿವಿಗೆ ಅರ್ಧ ಕೇಳಿತು, ಉಳಿದದ್ದನ್ನು ನನ್ನ ಮುಖದಿಂದ ತಿಳಿದುಕೊಂಡಳು. ಅತ್ತೆ ಎದ್ದು ಬಾಗಿಲಿಗೆ ಅಡ್ಡ ನಿಂತರು. ಎರಡೂ ಕೈ ಚೌಕಟ್ಟಿನ ಎರಡು ಬದಿಗೆ.

“ಈ ಗಾಳ್ಯಾಗ ಬಾಣಂತೀನ ಹೊರಗ ಒಯ್ತಿಯೇನ? ಕೂಸಿನ ನೆತ್ತಿ ಇನ್ನೂ ಕೂಡಿಲ್ಲ.”

ಪಂಕಾ ಓಡಾಕತ್ತದ ಅತ್ತಿ, ಸರೀರಿ ಎಂದೆ. ಅವರು ಸರಿಯಲಿಲ್ಲ. ಪಂಕಾ ಇರೋದೇ ಓಡಲಿಕ್ಕೆ ಎಂದರು. ಮೇಲೆ ಆ ಸೀಟಿ ಈಗ ಸೀಟಿಯಾಗಿ ಉಳಿದಿರಲಿಲ್ಲ, ಕಂಬವನ್ನು ಹಿಡಿದ ತಂತಿಗಳೂ ಅದರ ಜೊತೆ ಕೂಗತೊಡಗಿದ್ದವು. ನನಗೆ ಸಿಟ್ಟೂ ಭಯವೂ ಒಟ್ಟಿಗೆ ಬಂದವು.

“ಇಲ್ಲೇ ಇದ್ರ ಮೂರೂ ಮಂದಿ ಸಾಯ್ತೀರಿ” ಎಂದುಬಿಟ್ಟೆ.

ಬಾಣಂತಿಯ ಕೋಣೆಯಲ್ಲಿ, ಎಳೆಗೂಸಿನ ಎದುರಿಗೆ ಆ ಮಾತು. ಅತ್ತೆಯ ಮುಖ ಬಿಳಿಚಿತು. ನನ್ನ ಬಾಯಿ ಮುಚ್ಚಲೆಂದು ಒಂದು ಕೈಯನ್ನು ಚೌಕಟ್ಟಿನಿಂದ ತೆಗೆದರು. ಅವರು ಕೈ ತೆಗೆದ ಕಡೆಯಿಂದ ನಾನು ಅವರನ್ನು ತಳ್ಳಿದೆ. ಹೌದು, ತಳ್ಳಿದೆ. ಗೋಡೆಗೆ ಆತು ಬೀಳದೆ ನಿಂತರು. ಮಗಳು ಕೂಸನ್ನು ಎದೆಗೆ ಅವಚಿಕೊಂಡು ಓಡಿದಳು. ಅವಳ ಹಿಂದೆ ಅತ್ತೆ, ಕಿಟಕಿಯ ಕಂಬಳಿಯನ್ನು ಕಿತ್ತುಕೊಂಡು, ಕಂಬಳಿ ಹೊದಿಸವ್ವ, ಕಂಬಳಿ ಹೊದಿಸು ಎನ್ನುತ್ತ ಓಡಿದರು.

ನಾನು ಹಿತ್ತಲಿಗೆ ಬಂದೆ. ಬಂಡೆಯ ಬುಡದಲ್ಲಿ ನಿಂತು ತಲೆ ಎತ್ತಿದರೆ ರೆಕ್ಕೆಗಳೇ ಕಾಣುತ್ತಿರಲಿಲ್ಲ, ಬಿಳಿಯ ಒಂದು ತಟ್ಟೆ ಕಾಣುತ್ತಿತ್ತು. ಕಂಬ ತುದಿಯಿಂದ ಬುಡದ ತನಕ ನಡುಗುತ್ತಿತ್ತು. ಅದರ ಹತ್ತಿರ ಹೋಗಬೇಕಿತ್ತು, ಹಗ್ಗ ಇದ್ದದ್ದು ಅದರ ಬುಡದಲ್ಲೇ. ನನ್ನ ಕಾಲು ಏಳಲಿಲ್ಲ. ಇದನ್ನು ಬಚ್ಚಿಟ್ಟು ಏನು ಮಾಡಲಿ, ಸ್ವಲ್ಪ ಹೊತ್ತು ನಾನು ಅಲ್ಲೇ ಕಲ್ಲಾಗಿ ನಿಂತಿದ್ದೆ. ಮಗಳು ಹೊರಗೆ ಹೋಗಿದ್ದಾಳೆ, ನೀನೂ ಹೋಗು, ಹಾಳಾಗಿ ಹೋಗಲಿ ಪಂಕಾ ಎಂದು ಜೀವ ಹೇಳುತ್ತಿತ್ತು. ಆದರೆ ರೆಕ್ಕೆ ಯಾವ ಕಡೆಗೆ ಹಾರುತ್ತದೆಂದು ಯಾರು ಬಲ್ಲರು? ಕಲ್ಲಿನ ರಾಶಿ ದೂರವೇನೂ ಇರಲಿಲ್ಲ. ಅದು ಓಡುತ್ತಿರುವ ತನಕ ನನ್ನ ಮೊಮ್ಮಗನಿಗೆ ಈ ದಿನ್ನೆಯ ಮೇಲೆ ಎಲ್ಲಿಯೂ ಜಾಗವಿಲ್ಲ ಎಂದು ಹೊಳೆದಾಗ ಕಾಲು ಎದ್ದವು.

ಬೀರಪ್ಪನನ್ನು ನೆನೆದು ಸೀರೆ ಎತ್ತಿ ಕಟ್ಟಿ ಬಂಡೆ ಹತ್ತಿದೆ. ಹಗ್ಗ ಕೊಕ್ಕೆಯಿಂದ ಬಿಚ್ಚಿ ಜಗ್ಗಿದೆ. ಅಲುಗಲಿಲ್ಲ. ಬಾಲವನ್ನು ಗಾಳಿ ಆ ಕಡೆಯಿಂದ ಹಿಡಿದುಕೊಂಡಿತ್ತು. ಕೈಗೆ ಸುತ್ತಿಕೊಂಡು ಜೋತುಬಿದ್ದೆ. ಅದೇ ಹೊತ್ತಿಗೆ ಮೇಲೆ ಫಟ್ ಎಂದು ಏನೋ ಮುರಿಯಿತು, ನನ್ನ ಹಿಂದೆ ತಗಡು ಹರಿದ ಸದ್ದಾಯಿತು. ತಿರುಗಿ ನೋಡಲಿಲ್ಲ. ಕಂಬ ಈಗ ನಡುಗುವುದನ್ನು ಬಿಟ್ಟು ಕುಡಿದವನ ಹಾಗೆ ತೂರಾಡತೊಡಗಿತು. ಬೀಳುತ್ತದೆ, ಬಿದ್ದೇ ಬೀಳುತ್ತದೆ, ನನ್ನ ಮೇಲೆಯೇ ಬೀಳುತ್ತದೆ ಎಂದು ಕಣ್ಣು ಮುಚ್ಚಿ ಜಗ್ಗಿದೆ. ಯಾವಾಗಲೋ ಹಗ್ಗ ಒಮ್ಮೆಲೆ ಸಡಿಲಾಗಿ ಕುಕ್ಕರಿಸಿ ಬಿದ್ದೆ. ಬಾಲ ಮಡಚಿತ್ತು. ಪಂಕಾ ಗಾಳಿಗೆ ಮಗ್ಗುಲಾಗಿ, ಕುಂಟುತ್ತ, ಎರಡೇ ರೆಕ್ಕೆಯಲ್ಲಿ ಸುತ್ತುತ್ತ ನಿಧಾನವಾಯಿತು. ಹಗ್ಗವನ್ನು ಕೊಕ್ಕೆಗೆ ಸುತ್ತಿದೆ, ಸುತ್ತಿದ್ದನ್ನೇ ಮತ್ತೆ ಮತ್ತೆ ಸುತ್ತಿದೆ. ಅದು ಪೂರ್ತಿ ನಿಂತ ಮೇಲೂ ನನ್ನ ಕೈ ಸುತ್ತುತ್ತಲೇ ಇತ್ತು.

ಅಂಗಳ ದಾಟಿ ಓಡಿದೆ. ಕಲ್ಲಿನ ರಾಶಿಯ ಹಿಂದೆ ಮಗಳು ಕುಳಿತಿದ್ದಳು, ಕಂಬಳಿಯೊಳಗೆ ಕೂಸು ಮೊಲೆ ಚೀಪುತ್ತಿತ್ತು. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಅತ್ತೆ ನಿಂತಿದ್ದರು. ಸೆರಗಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಪರದೆಯಂತೆ ಅಗಲಿಸಿದ್ದರು. ಇಳಕಲ್ ಸೀರೆಯ ಕೆಂಪು ಸೆರಗು ಗಾಳಿಗೆ ಉಬ್ಬಿ ಅವರ ತೆಳ್ಳನೆಯ ಮೈಯನ್ನೇ ಎತ್ತಿಕೊಂಡು ಹೋಗುವಂತಿತ್ತು. ಕೈ ಮಾತ್ರ ಇಳಿಸಿರಲಿಲ್ಲ. ಅವರನ್ನು ತಳ್ಳಿದವಳು ನಾನು. ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ. ನಿಂತಿತೇನ ಎಂದು ಕೇಳಿದರು. ನಿಂತಿತು ಎಂದೆ. ನನಗೆ ಅಳು ಬಂತು. ಡ್ರಮ್ಮಿಗೆ ನೀರು ಹಾಕುವುದನ್ನು ಮರೆತೆ ಅತ್ತಿ, ಕಾಯಿಲ್ ಸುಟ್ಟಿತು, ನನ್ನಿಂದ ಆಯಿತು ಎಂದು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅಳಬ್ಯಾಡ, ಉಳದೇವಲ್ಲ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ನಮ್ಮ ಮನೆಯವರು ಬಂದದ್ದು ಆಗ. ಕೆಳಗಿನ ದಾರಿಯಿಂದಲೇ ಪಂಕಾ ಕುಂಟಾದದ್ದನ್ನು ನೋಡಿ ಬೈಕನ್ನು ದಾರಿಯಲ್ಲಿ ಕೆಡವಿ ಓಡಿಬಂದಿದ್ದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ನೋಡಿದರು. ಆಮೇಲೆ ಬ್ಯಾಟರಿ ಕೋಣೆಗೆ ಹೋದರು, ನಾನು ಹಿಂದೆ ಹೋದೆ. ಪೆಟ್ಟಿಗೆಯ ಮುಂದೆ ನಿಂತು, ಇದನ್ನು ಯಾರು ತೆಗೆದದ್ದು ಎಂದರು. ಸಣ್ಣ ದೀಪದ ಸ್ವಿಚ್ಚು ಆಫ್ ಆಗಿತ್ತು. ಅದರ ಮೇಲೆ ಭಂಡಾರದ ಹಳದಿ ಬೆರಳಿನ ಗುರುತಿತ್ತು. ಡ್ರಮ್ಮಿನ ಮುಚ್ಚಳ ತೆಗೆದು ನೋಡಿದೆವು. ನೀರು ಕಂಠದ ಮಟ್ಟ ಇತ್ತು. ಕಾಯಿಲ್‌ಗೆ ಏನೂ ಆಗಿರಲಿಲ್ಲ.

ಡ್ರಮ್ಮಿನ ಬುಡದಲ್ಲೇ ಬಚ್ಚಲಿನ ಕಲ್ಲು. ಮೇಲೆ ತಗಡು ಉದ್ದಕ್ಕೆ ಸೀಳಿ ಆಕಾಶ ಕಾಣುತ್ತಿತ್ತು. ಸಾಗವಾನಿಯ ರೆಕ್ಕೆ ಕಲ್ಲಿನ ಮೇಲೆ ಮುರಿದು ಬಿದ್ದಿತ್ತು. ಕೂಸಿನ ಎಣ್ಣೆಯ ಬಟ್ಟಲು ಅದರ ಕೆಳಗೆ ಸಿಕ್ಕು ಚಪ್ಪಟೆಯಾಗಿತ್ತು. ನಾನು ಕಾಲು ನೀಡಿ ಕೂತಿದ್ದ ಜಾಗ ಅದೇ. ಕಲ್ಲಿನ ಮೇಲೆ ಕೂಸಿಗೆ ಹಚ್ಚಿದ ಕಡಲೆಹಿಟ್ಟು ಇನ್ನೂ ಹಸಿಯಾಗಿತ್ತು. ನಮ್ಮ ಮನೆಯವರು ಆ ಹಿಟ್ಟನ್ನು ನೋಡಿ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು. ಅವರೂ ಕಲ್ಲನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು.

“ನೀನಽ ಹೇಳಿದೆಲ್ಲಪ್ಪ, ದೀಪ ದೊಡ್ಡದು ಮಾಡು ಅಂತ. ಮಾಡೀನಿ.”

“ದೊಡ್ಡ ದೀಪ ಹಾಕು ಅಂದ್ನೆವ್ವಾ” ಎಂದರು ಅವರು. ದನಿ ಏರಿಸಲಿಲ್ಲ. “ದೊಡ್ಡ ದೀಪ.”

ಅತ್ತೆಯ ತುಟಿ ಎರಡೂ ಮಾತನ್ನು ಒಂದಾದ ಮೇಲೊಂದು ಸದ್ದಿಲ್ಲದೆ ಆಡಿ ನೋಡುತ್ತಿದ್ದವು. ಗಾಳಿಯ ಸದ್ದಿನಲ್ಲಿ, ಮಂದ ಕಿವಿಗೆ, ಒಂದು ಮಾತು ಹಿಂದುಮುಂದಾಗಿತ್ತು, ಅಷ್ಟೇ. ಬೇರೆ ಮುದುಕಿಯಾಗಿದ್ದರೆ ದೀಪವನ್ನು ದೊಡ್ಡದು ಮಾಡುವುದೆಂದರೆ ಏನಪ್ಪ ಎಂದು ತಿರುಗಿ ಕೇಳುತ್ತಿದ್ದಳೋ ಏನೋ. ನಮ್ಮ ಅತ್ತೆಗೆ ಕೇಳುವ ಪ್ರಶ್ನೆಯೇ ಇರಲಿಲ್ಲ. ಜೀವಮಾನವೆಲ್ಲ ಆ ಮಾತಿಗೆ ಅವರ ಮನೆಯಲ್ಲಿ ಇದ್ದದ್ದು ಒಂದೇ ಅರ್ಥ. ಅವರು ಭಂಡಾರ ಹಚ್ಚಿದ ಕೈಯಿಂದ, ನಮಸ್ಕಾರ ಮಾಡಿ, ಹಗಲಲ್ಲಿ ಉರಿಯುತ್ತಿದ್ದ ದೀಪವನ್ನು ದೊಡ್ಡದು ಮಾಡಿ ಬಂದಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬರಬೇಕೆಂದು ಪ್ರಯತ್ನಪಟ್ಟೆ, ಸೆರಗು ಹಿಡಿದು ನಿಂತದ್ದೇ ಕಣ್ಣ ಮುಂದೆ ಬಂತು.

ಆಮೇಲೆ ನಮ್ಮ ಮನೆಯವರು ಹೊಸ ರೆಕ್ಕೆ ಕೆತ್ತಿ ಕೂರಿಸಿದರು, ಪೆಟ್ಟಿಗೆಯ ದೀಪಗಳನ್ನೇ ಕಿತ್ತುಹಾಕಿದರು. ಸಣ್ಣ ಕಾಯಿಲ್‌ನ ಸ್ವಿಚ್ಚನ್ನೂ ತೆಗೆದು ವೈರನ್ನು ನೇರ ಕೂಡಿಸಿದರು. ದೊಡ್ಡ ಕಾಯಿಲ್‌ನ ಸ್ವಿಚ್ಚೂ ಈಗ ತಾನಾಗಿಯೇ ಬೀಳುತ್ತದೆ, ಬಿದ್ದಾಗ ಗಂಟೆ ಬಡಿಯುತ್ತದೆ. ಗಂಟೆಗೆ ಎರಡರ್ಥವಿಲ್ಲ ಎಂದರು. ನಾನು ಒಪ್ಪಿದೆ, ಆದರೆ ಮಗಳನ್ನೂ ಕೂಸನ್ನೂ ಪಡಸಾಲೆಗೆ ತಂದು ಮಲಗಿಸಿದ ಮೇಲೆಯೇ ಕಂಬದ ಹಗ್ಗ ಬಿಚ್ಚಲು ಬಿಟ್ಟೆ. ಆ ಸಲ ಅತ್ತೆ ಅಡ್ಡ ಬರಲಿಲ್ಲ.

ಆದರೆ ನಾನು ಮರೆಯಲಾರದ್ದು ಅವತ್ತಿನ ಸಂಜೆ. ಬಾಣಂತಿಯ ಕೋಣೆಯ ಗೂಡಿನಲ್ಲಿ ನಾವು ಮುಸ್ಸಂಜೆಗೆ ಎಣ್ಣೆಯ ದೀಪ ಹಚ್ಚುತ್ತಿದ್ದೆವು. ಕೂಸಿಗೆ ನಿದ್ದೆ ಹತ್ತಿದ ಮೇಲೆ ಅತ್ತೆ, ದೀಪ ದೊಡ್ಡದು ಮಾಡವ್ವ ಎಂದು ನನಗೆ ಹೇಳುವುದು ದಿನದ ಪಾಠ. ಅವತ್ತೂ ಕೂಸು ಮಲಗಿತು. ಮಗಳು ದಣಿದು ನಿದ್ದೆಹೋಗಿದ್ದಳು. ಅತ್ತೆ ಗೂಡಿನ ಎದುರಿಗೆ ಕುಳಿತು ದೀಪವನ್ನೇ ನೋಡುತ್ತಿದ್ದರು. ಬಾಯಿ ತೆರೆದರು, ಮುಚ್ಚಿದರು. ಇನ್ನೊಮ್ಮೆ ತೆರೆದರು. ಅರವತ್ತು ವರ್ಷದ ಮಾತು ಗಂಟಲಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ನಾನೇ ಎದ್ದು ಮಾಡಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು.

“ದೀಪ ಆರಿಸು” ಎಂದರು.

ತೊದಲಲಿಲ್ಲ. ನನಗೆ ತಪ್ಪಿ ಕೇಳಬಾರದೆಂದು ಒಂದೊಂದು ಅಕ್ಷರ ಬಿಡಿಸಿ ಆಡಿದರು. ಆಡಿದವರೇ ಕೂಸಿನ ಮೇಲೆ ಬಗ್ಗಿ, ಅದರ ಮೂಗಿನ ಹತ್ತಿರ ಅಂಗೈ ಹಿಡಿದು ಉಸಿರು ನೋಡಿದರು.

ಓಡುವ ಪಂಕಾದ ಕೆಳಗೆ ನಿಂತಾಗಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ನಾನೂ ಹೋಗಿ ಕೂಸಿನ ಎದೆಯ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು, ಏರಿ ಇಳಿಯುತ್ತಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ನಾನು ದೀಪ ಆರಿಸಲಿಲ್ಲ. ದೊಡ್ಡದೂ ಮಾಡಲಿಲ್ಲ. ಬತ್ತಿ ಮುಂದೆ ಮಾಡಿ, ಇನ್ನಷ್ಟು ಎಣ್ಣೆ ಹಾಕಿ, ಅತ್ತೆಯ ಪಕ್ಕದಲ್ಲಿ ಕುಳಿತೆ.